ಸ್ಕೋರ್‌ಬೋರ್ಡ್ ನೋಡದ ಪ್ರೇಕ್ಷಕರು: ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ನಾಳೆಯ ಆಟಗಾರನನ್ನು ಗುರುತಿಸುವ ಬಗೆ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್‌ನಲ್ಲಿರುವ ಬೇಸ್‌ಬಾಲ್ ಮೈದಾನಕ್ಕೆ ಸಂಜೆಯ ಪಂದ್ಯಕ್ಕೆ ಹೋದರೆ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನ ನೇರ ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ತಟ್ಟದ ಕೆಲವರು ಕಣ್ಣಿಗೆ ಬೀಳುತ್ತಾರೆ. ಎಡಗೈ ಬ್ಯಾಟರ್ ಒಬ್ಬ ಚೆಂಡನ್ನು ಶಾರ್ಟ್‌ಸ್ಟಾಪ್, ಅಂದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್, ಕಡೆಗೆ ನೆಲಕ್ಕೆ ಉರುಳಿಸಿ ಓಡುತ್ತಾನೆ. ಶಾರ್ಟ್‌ಸ್ಟಾಪ್ ಅದನ್ನು ಹಿಡಿದು ಎಸೆದಾಗ ಚೆಂಡು ಓಟಗಾರನಿಗಿಂತ ಒಂದು ಹೆಜ್ಜೆ ಮೊದಲೇ ಮೊದಲನೆಯ ಬೇಸ್ ಸೇರುತ್ತದೆ. ಔಟ್. ಜನ ನಿಟ್ಟುಸಿರು ಬಿಟ್ಟು ಪಾಪ್‌ಕಾರ್ನ್‌ಗೆ ಕೈಹಾಕುವಷ್ಟರಲ್ಲಿ ಆ ಸಾಲಿನಲ್ಲಿ ಕೂತವನು ಅಂಗೈಯಲ್ಲಿದ್ದ ಸ್ಟಾಪ್‌ವಾಚ್ ಕಡೆ ನೋಡಿ ಪುಸ್ತಕದಲ್ಲಿ 4.05 ಎಂದು ಬರೆದುಕೊಳ್ಳುತ್ತಾನೆ. ಸ್ಕೋರ್‌ಕಾರ್ಡ್‌ನಲ್ಲಿ ಅದು ಒಂದು ವೈಫಲ್ಯ. ಅವನ ಪುಸ್ತಕದಲ್ಲಿ ಮಾತ್ರ ಅದು ಆ ಇನ್ನಿಂಗ್ಸ್‌ನ ಅತ್ಯಂತ ಮುಖ್ಯವಾದ ಸಂಗತಿ, ಏಕೆಂದರೆ ಚೆಂಡು ಬ್ಯಾಟಿಗೆ ತಾಗಿದ ಕ್ಷಣದಿಂದ ಕಾಲು ಬೇಸನ್ನು ಮುಟ್ಟುವವರೆಗಿನ 90 ಅಡಿಯನ್ನು ಎಡಗೈ ಬ್ಯಾಟರ್ 4.2 ಸೆಕೆಂಡಿನಲ್ಲಿ ಓಡಿದರೆ ಸಾಧಾರಣವೆಂದೂ, 3.9ರ ಆಸುಪಾಸಿನಲ್ಲಿ ಓಡಿದರೆ ಅಪರೂಪವೆಂದೂ ಈ ವೃತ್ತಿಯವರು ಲೆಕ್ಕ ಹಾಕುತ್ತಾರೆ. ಬಲಗೈ ಬ್ಯಾಟರ್ ಬೇಸ್‌ನಿಂದ ಒಂದೆರಡು ಹೆಜ್ಜೆ ದೂರ ನಿಲ್ಲುವುದರಿಂದ ಅವನಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದ ರಿಯಾಯಿತಿ ಇರುತ್ತದೆ.

ಹೀಗೆ ಕೂತವರನ್ನು ಸ್ಕೌಟ್‌ಗಳು ಎನ್ನುತ್ತಾರೆ. ಅವರ ಕೆಲಸ ಅರ್ಥವಾಗಬೇಕಾದರೆ ಅವರು ನೋಡುತ್ತಿರುವುದು ಎಂಥ ಪಂದ್ಯ ಎಂಬುದು ಮೊದಲು ತಿಳಿಯಬೇಕು. ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿಯೊಂದು ತಂಡದ ಕೆಳಗೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದು ಕಿರಿಯ ತಂಡವಿರುತ್ತದೆ; ಮೈನರ್ ಲೀಗ್ ಎಂದರೆ ಇವೇ. 2021ರಲ್ಲಿ ನಡೆದ ಮರುವಿಂಗಡಣೆಯ ನಂತರ ಹೀಗೆ ಒಟ್ಟು 120 ತಂಡಗಳು ಉಳಿದಿವೆ. ಅದಕ್ಕೂ ಕೆಳಗೆ ಅರಿಜೋನಾ ಮತ್ತು ಫ್ಲಾರಿಡಾದ ತರಬೇತಿ ಆವರಣಗಳಲ್ಲಿ ನಡೆಯುವ ಲೀಗ್‌ಗಳೂ, ಹದಿನಾರು-ಹದಿನೇಳು ವರ್ಷದ ಹುಡುಗರು ಆಡುವ ಡೊಮಿನಿಕನ್ ಬೇಸಿಗೆ ಲೀಗೂ ಇವೆ. ಆಟಗಾರರಿಗೆ ಸಂಬಳ ಕೊಡುವುದು, ಅವರನ್ನು ಏರಿಸುವುದು, ಇಳಿಸುವುದು, ಬಿಟ್ಟುಬಿಡುವುದು ಎಲ್ಲವೂ ಮಾತೃ ತಂಡದ ಕೈಯಲ್ಲಿರುತ್ತದೆ. 2023ರ ಒಪ್ಪಂದದಲ್ಲಿ ಸಿಂಗಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 26,200 ಡಾಲರ್ ಎಂದೂ, ಟ್ರಿಪಲ್-ಎ ಆಟಗಾರನದು 35,800 ಡಾಲರ್ ಎಂದೂ ನಿಗದಿಯಾಯಿತು. ಅಮೆರಿಕದ ಖರ್ಚುವೆಚ್ಚದಲ್ಲಿ ಇದು ಕೇವಲ ಕಾಲ ತಳ್ಳುವ ಮೊತ್ತ, ಮತ್ತು ಅದಕ್ಕೆ ಮುನ್ನ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು.

ರಣಜಿ ಪಂದ್ಯ ನೋಡಿ ಅಭ್ಯಾಸವಾದವರಿಗೆ ಇಲ್ಲೊಂದು ಗೊಂದಲ ಉಂಟಾಗುತ್ತದೆ. ಕರ್ನಾಟಕ ರಣಜಿ ತಂಡಕ್ಕೆ ಗೆಲುವೇ ಗುರಿ; ಆಟಗಾರ ಭಾರತ ತಂಡಕ್ಕೆ ಆಯ್ಕೆಯಾಗುವುದು ಅದರ ಮೇಲಿನ ಫಲ. ಮೈನರ್ ಲೀಗ್‌ನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಡರ್ಹಮ್ ತಂಡ ಪ್ರಶಸ್ತಿಯ ಹೊಸ್ತಿಲಲ್ಲಿ ನಿಂತಿದ್ದರೂ ಅದರ ಮಾತೃ ತಂಡವಾದ ಟ್ಯಾಂಪಾ ಬೇಗೆ ಒಬ್ಬ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಬೇಕಾದರೆ ಡರ್ಹಮ್‌ನ ಅತ್ಯುತ್ತಮ ಪಿಚರ್ ಆ ರಾತ್ರಿಯೇ ವಿಮಾನ ಹತ್ತುತ್ತಾನೆ. ಪಿಚರ್‌ಗೆ ಈ ದಿನ ಇಷ್ಟೇ ಚೆಂಡು ಎಸೆಯಬೇಕು, ಅದರಲ್ಲಿ ಹೊಸದಾಗಿ ಕಲಿಯುತ್ತಿರುವ ಚೇಂಜಪ್ ಎಂಬ ನಿಧಾನದ ಎಸೆತ ಇಷ್ಟು ಸಲ ಬರಬೇಕು ಎಂದು ಮೊದಲೇ ಹೇಳಿ ಕಳಿಸುವುದೂ ಉಂಟು. ಅವನು ತನಗೆ ಚೆನ್ನಾಗಿ ಬರುವ ಚೆಂಡನ್ನು ಬದಿಗಿಟ್ಟು, ಬಾರದ ಚೆಂಡನ್ನು ಎಸೆದು, ಮೂರು ರನ್ ಕೊಟ್ಟು ಹೊರಬಂದರೆ ಸ್ಕೋರ್‌ಕಾರ್ಡ್‌ನಲ್ಲಿ ಅವನು ಸೋತವನು. ಅವನ ತಂಡದ ದೃಷ್ಟಿಯಲ್ಲಿ ಆ ದಿನದ ಪಾಠ ಮುಗಿಸಿದವನು. ಹೀಗಾಗಿ ಅಂಕಿ-ಅಂಶವನ್ನಷ್ಟೇ ಓದಿ ಮೈನರ್ ಲೀಗ್ ಆಟಗಾರನ ಬಗ್ಗೆ ತೀರ್ಪು ಕೊಡುವುದು ಅಭ್ಯಾಸದ ನೋಟ್‌ಬುಕ್ ನೋಡಿ ಪರೀಕ್ಷೆಯ ಫಲಿತಾಂಶ ಹೇಳಿದಂತಾಗುತ್ತದೆ.

ಹಾಗಾದರೆ ಸ್ಕೌಟ್ ಏನನ್ನು ಅಳೆಯುತ್ತಾನೆ, ಯಾವ ಅಳತೆಗೋಲಿನಿಂದ? ಬೇಸ್‌ಬಾಲ್‌ನಲ್ಲಿ ಇದಕ್ಕೆ 20ರಿಂದ 80ರವರೆಗಿನ ಒಂದು ವಿಚಿತ್ರ ಮಾಪನವಿದೆ. ಸೊನ್ನೆಯಿಂದ ನೂರಕ್ಕೆ ಒಗ್ಗಿದ ನಮಗೆ ಇದು ಮೊದಲು ಅಸಂಬದ್ಧವೆನಿಸುತ್ತದೆ, ಆದರೆ ಇದರ ಹಿಂದೆ ಗಣಿತವಿದೆ. ಮೇಜರ್ ಲೀಗ್‌ನ ಸರಾಸರಿ ಆಟಗಾರನಿಗೆ 50; ಅಲ್ಲಿಂದ ಪ್ರತಿ ಹತ್ತು ಅಂಕವೂ ಸಂಖ್ಯಾಶಾಸ್ತ್ರದ ಒಂದು ಪ್ರಮಾಣ ವಿಚಲನೆಗೆ ಸಮ. ಅಂದರೆ 60 ಪಡೆದವನು ಸಹ ಆಟಗಾರರಲ್ಲಿ ಸ್ಥೂಲವಾಗಿ ಆರರಲ್ಲಿ ಐವರಿಗಿಂತ ಮುಂದಿದ್ದಾನೆ, 70 ಪಡೆದವನು ಇಡೀ ಲೀಗ್‌ನಲ್ಲಿ ಬೆರಳೆಣಿಕೆಯವರಲ್ಲೊಬ್ಬ, 80 ಎಂಬುದು ಒಂದು ತಲೆಮಾರಿನ ಕೆಲವರಿಗಷ್ಟೇ ಸಲ್ಲುವ ಅಂಕ. ಇಲ್ಲಿ ಮರೆಯಬಾರದ ಮಾತೆಂದರೆ 50 ಎಂಬುದು ಪ್ರಪಂಚದ ಅತ್ಯಂತ ಕಠಿಣ ಲೀಗ್‌ನ ಸರಾಸರಿ. ಸಿಂಗಲ್-ಎ ಹುಡುಗನ ಬ್ಯಾಟಿಂಗ್‌ಗೆ ಇಂದಿನ ಮಟ್ಟಿಗೆ 30 ಎಂದು ಬರೆದರೆ ಅದು ನಿಂದೆಯಲ್ಲ.

ಬ್ಯಾಟರ್‌ಗೆ ಐದು ಸಾಮರ್ಥ್ಯಗಳಲ್ಲಿ ಹೀಗೆ ಅಂಕ ಕೊಡುತ್ತಾರೆ: ಚೆಂಡನ್ನು ಬ್ಯಾಟಿಗೆ ತಾಗಿಸುವುದು, ದೂರಕ್ಕೆ ಹೊಡೆಯುವ ಶಕ್ತಿ, ಓಟ, ತೋಳಿನ ಬಲ, ಫೀಲ್ಡಿಂಗ್. ವೃತ್ತಿಯ ಭಾಷೆಯಲ್ಲಿ ಇವು ‘ಟೂಲ್’ಗಳು. ಪ್ರತಿಯೊಂದಕ್ಕೂ ಎರಡು ಅಂಕಗಳಿರುತ್ತವೆ, ಇಂದು ಎಷ್ಟಿದೆ ಎಂಬುದಕ್ಕೆ ಒಂದು, ಪೂರ್ಣ ಬೆಳೆದಾಗ ಎಷ್ಟಾಗಬಹುದು ಎಂಬುದಕ್ಕೆ ಇನ್ನೊಂದು. ಮೊದಲ ಅಂಕವನ್ನು ಶ್ರದ್ಧೆಯಿಂದ ನೋಡುವ ಯಾರಾದರೂ ಕೊಡಬಲ್ಲರು. ಸ್ಕೌಟ್‌ಗೆ ಸಂಬಳ ಸಿಗುವುದು ಎರಡನೆಯ ಅಂಕಕ್ಕಾಗಿ. ಭುಜ ಇನ್ನೂ ಅಗಲವಾಗುತ್ತದೆಯೇ, ತೊಡೆ ಬಲಿತರೆ ಓಟದ ವೇಗ ಕುಗ್ಗುತ್ತದೆಯೇ, ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಿರುವವನು ಇಪ್ಪತ್ತೈದನೆಯ ವಯಸ್ಸಿಗೆ ಅಲ್ಲಿಗೆ ಭಾರವಾಗಿ ಮೂರನೆಯ ಬೇಸ್‌ಗೆ ಸರಿಯಬೇಕಾಗುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಆ ಒಂದು ಸಂಖ್ಯೆಯೊಳಗೆ ಅಡಗಿರುತ್ತವೆ.

ಐದರಲ್ಲಿ ಓಟ, ತೋಳು, ಶಕ್ತಿ ಈ ಮೂರನ್ನು ಗಡಿಯಾರ, ರೇಡಾರ್ ಮತ್ತು ಬ್ಯಾಟಿಂಗ್ ಅಭ್ಯಾಸದ ಒಂದು ಗಂಟೆ ಹೇಳಿಬಿಡುತ್ತವೆ. ಅದಕ್ಕೂ ಎಚ್ಚರ ಬೇಕು. ಔಟಾಗುವುದು ಖಚಿತವೆನಿಸಿದಾಗ ಹೆಚ್ಚಿನವರು ಪೂರ್ತಿ ಓಡುವುದಿಲ್ಲ. ಇನ್ನು ಕೆಲವು ಎಡಗೈ ಬ್ಯಾಟರ್‌ಗಳು ಬ್ಯಾಟ್ ಬೀಸುತ್ತಲೇ ಓಟ ಶುರು ಮಾಡಿರುತ್ತಾರೆ. ಈ ಎರಡನೆಯದನ್ನು ಸ್ಕೌಟ್‌ಗಳು ‘ಜೈಲ್‌ಬ್ರೇಕ್’ ಎಂದು ಕರೆದು, ಆಗ ಸಿಕ್ಕ ಸಮಯದ ಪಕ್ಕ ಗುರುತು ಹಾಕಿ, ಲೆಕ್ಕದಿಂದ ಹೊರಗಿಡುತ್ತಾರೆ. ಚೆಂಡನ್ನು ಬ್ಯಾಟಿಗೆ ತಾಗಿಸುವ ಸಾಮರ್ಥ್ಯಕ್ಕೆ ಮಾತ್ರ ಇಂಥ ಗಡಿಯಾರವಿಲ್ಲ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದ ಚೆಂಡು ಪಿಚರ್‌ನ ಕೈಬಿಟ್ಟು ಪ್ಲೇಟ್ ತಲುಪಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಇದು ನೇರ ಚೆಂಡೋ ತಿರುವಿನದೋ, ಹೊಡೆಯಬೇಕೋ ಬಿಡಬೇಕೋ ಎಂಬ ನಿರ್ಧಾರವೂ ಆಗಿರಬೇಕು, ಬ್ಯಾಟೂ ಅಲ್ಲಿಗೆ ತಲುಪಿರಬೇಕು.

ಆದ್ದರಿಂದ ಅನುಭವಿಗಳು ಬ್ಯಾಟರ್ ಹೊಡೆದ ಚೆಂಡುಗಳಿಗಿಂತ ಬಿಟ್ಟ ಚೆಂಡುಗಳನ್ನು ಹೆಚ್ಚು ಗಮನಿಸುತ್ತಾರೆ. ಸ್ಲೈಡರ್ ಎಂಬ ಎಸೆತವು ಪ್ಲೇಟ್ ಮೇಲೆ ಬರುವಂತೆ ತೋರಿ ಕೊನೆಯ ಗಳಿಗೆಯಲ್ಲಿ ಹೊರಕ್ಕೆ ಜಾರುತ್ತದೆ. ಅದಕ್ಕೆ ಬ್ಯಾಟರ್‌ನ ಮುಂಗಾಲು ಊರಿ, ಸೊಂಟ ತಿರುಗಲು ತೊಡಗಿ, ಕೈಗಳು ಮಾತ್ರ ಹಿಂದೆಯೇ ತಡೆದು ನಿಂತವೆಂದರೆ ಅವನ ಕಣ್ಣು ಚೆಂಡನ್ನು ಓದಿದೆ ಎಂದರ್ಥ. ಅದೇ ಹುಡುಗ ಮೂರು ಸಲ ಸ್ಟ್ರೈಕೌಟ್ ಆಗಿದ್ದರೂ, ಅಂದರೆ ಚೆಂಡನ್ನು ಆಡಲಾಗದೆ ಔಟಾಗಿದ್ದರೂ, ಈ ಒಂದು ತಡೆಯುವಿಕೆ ಪುಸ್ತಕಕ್ಕೆ ಸೇರುತ್ತದೆ. ಇದಕ್ಕೆ ಪ್ರತಿಯಾಗಿ, ಚೆಂಡನ್ನು ಗೋಡೆ ದಾಟಿಸಿ ಎರಡು ಹೋಮ್‌ರನ್ ಹೊಡೆದವನು ಎರಡನ್ನೂ ಎದೆಮಟ್ಟದ ನಿಧಾನದ ನೇರ ಚೆಂಡುಗಳಿಗೆ ಹೊಡೆದು, ತಿರುವಿನ ಪ್ರತಿಯೊಂದು ಚೆಂಡಿಗೂ ಗಾಳಿಯಲ್ಲಿ ಬೀಸಿದ್ದರೆ, ಮೈದಾನವೆಲ್ಲ ಅವನ ಹೆಸರು ಕೂಗುತ್ತಿರುವಾಗ ಹಿಂದಿನ ಸಾಲಿನಲ್ಲಿ ಅವನ ಅಂಕ ಇಳಿಯುತ್ತಿರುತ್ತದೆ.

ಪಿಚರ್‌ಗಳ ವಿಷಯದಲ್ಲಿ ವೇಗಕ್ಕೆ ಸಿಗುವ ಮಹತ್ವ ಸ್ವಲ್ಪ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ವೇಗ ಬೇಕು ನಿಜ; ಮೇಜರ್ ಲೀಗ್‌ನ ಸರಾಸರಿ ಫಾಸ್ಟ್‌ಬಾಲ್ ಈಗ ಗಂಟೆಗೆ 94 ಮೈಲಿಯ ಆಸುಪಾಸಿನಲ್ಲಿದೆ, ಅದಕ್ಕಿಂತ ಬಹಳ ಕಡಿಮೆಯಿದ್ದವನು ಬದುಕುವುದು ಕಷ್ಟ. ಆದರೆ ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ನೋಡಬೇಕಾದದ್ದು ಮೊದಲ ಇನ್ನಿಂಗ್ಸ್‌ನ ವೇಗವನ್ನಲ್ಲ, ಐದನೆಯದರ ವೇಗವನ್ನು. ಮತ್ತು ಮೂರನೆಯ ಬಗೆಯ ಎಸೆತ ಅವನಲ್ಲಿದೆಯೇ ಎಂಬುದನ್ನು. ಎರಡೇ ಬಗೆಯ ಎಸೆತ ಬಲ್ಲವನನ್ನು ಬ್ಯಾಟರ್‌ಗಳು ಆ ದಿನ ಎರಡನೆಯ ಸಲ ಎದುರಿಸುವಾಗ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯ ಸಲ ದಂಡಿಸುತ್ತಾರೆ. ಅಂಥವನು ಕೊನೆಗೆ ಒಂದೇ ಇನ್ನಿಂಗ್ಸ್ ಎಸೆಯುವ ರಿಲೀವರ್ ಆಗುತ್ತಾನೆ. ಬ್ಯಾಟರ್‌ನ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್‌ನ ಕೈಗವಸನ್ನೇ ನೋಡುತ್ತಿರುವುದು ಇನ್ನೊಂದು ಒಳ್ಳೆಯ ಉಪಾಯ. ಅವನು ಹೊರಮೂಲೆಯಲ್ಲಿ ಹಿಡಿದ ಕೈಗವಸು ಎಸೆತ ಬಂದಾಗ ಅಲ್ಲೇ ನಿಂತರೆ ಪಿಚರ್‌ಗೆ ಹಿಡಿತವಿದೆ. ಪ್ರತಿ ಸಲವೂ ಒಂದಡಿ ಅತ್ತಿತ್ತ ಹಾರಿದರೆ, ಅಂಪೈರ್ ಅದನ್ನು ಸ್ಟ್ರೈಕ್, ಅಂದರೆ ಸರಿಯಾದ ಎಸೆತ, ಎಂದರೂ ಹಿಡಿತವಿಲ್ಲ.

ಕ್ಯಾಚರ್‌ನನ್ನು ಅಳೆಯುವ ಲೆಕ್ಕ ಎಲ್ಲಕ್ಕಿಂತ ಸ್ವಚ್ಛವಾದದ್ದು. ಮೊದಲನೆಯ ಬೇಸ್‌ನಿಂದ ಎರಡನೆಯದಕ್ಕೆ ಕದ್ದು ಓಡುವ ಚುರುಕಾದ ಓಟಗಾರನಿಗೆ ಸುಮಾರು 3.3 ಸೆಕೆಂಡು ಬೇಕು. ಪಿಚರ್ ಕಾಲೆತ್ತಿದ್ದರಿಂದ ಚೆಂಡು ಕ್ಯಾಚರ್ ಕೈಸೇರುವವರೆಗೆ 1.3 ಸೆಕೆಂಡು ಕಳೆಯಿತೆಂದರೆ ಕ್ಯಾಚರ್‌ಗೆ ಉಳಿಯುವುದು 2.0 ಸೆಕೆಂಡು. ಕುಕ್ಕರುಗಾಲಲ್ಲಿ ಕೂತವನು ಎದ್ದು, ಚೆಂಡನ್ನು ಗವಸಿನಿಂದ ಬಲಗೈಗೆ ದಾಟಿಸಿ, 127 ಅಡಿ ದೂರದ ಎರಡನೆಯ ಬೇಸ್‌ನ ಮೇಲೆ, ಮೊಣಕಾಲು ಮಟ್ಟದಲ್ಲಿ ಬೀಳುವಂತೆ ಎಸೆಯುವಷ್ಟರಲ್ಲಿ ಆ ಎರಡು ಸೆಕೆಂಡು ಮುಗಿದಿರಬೇಕು. 1.9ರಲ್ಲಿ ಮುಗಿಸುವವನಿಗೂ 2.1ರಲ್ಲಿ ಮುಗಿಸುವವನಿಗೂ ನಡುವೆ ಇರುವುದು ಕಣ್ಣು ಮಿಟುಕಿಸುವಷ್ಟು ಅಂತರ, ಆದರೆ ಅದು ಇಬ್ಬರ ಜೀವನವನ್ನು ಬೇರೆ ಮಾಡುತ್ತದೆ.

ಇಷ್ಟೆಲ್ಲ ಅಳೆದರೂ ಮೊದಲು ಕೇಳಬೇಕಾದ ಪ್ರಶ್ನೆ ಹುಡುಗನ ವಯಸ್ಸು. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೈಮಾಟಕ್ಕೆ ಮರುಳಾಗುವ ಮುನ್ನ ಬಾಯಿ ತೆರೆಸಿ ಹಲ್ಲು ನೋಡುವುದು ಇದೇ ಕಾರಣಕ್ಕೆ. ಹೈ-ಎ ಮಟ್ಟದಲ್ಲಿ 24 ವರ್ಷದವನು 30 ಹೋಮ್‌ರನ್ ಹೊಡೆದರೆ ತನಗಿಂತ ಎಳೆಯ ಪಿಚರ್‌ಗಳನ್ನು ದಂಡಿಸಿದ್ದಾನೆ ಎಂದಷ್ಟೇ ಹೇಳಬಹುದು. ಅದೇ ಮಟ್ಟದಲ್ಲಿ 19 ವರ್ಷದವನು ಹತ್ತು ಹೊಡೆದು ಕಾಲೂರಿ ನಿಂತರೆ ಅದು ದೊಡ್ಡ ಸುದ್ದಿ. ಭಾರತದಿಂದ ವಲಸೆ ಹೋದ ದಂಪತಿಯ ಮಗ, ಫ್ಲಾರಿಡಾದಲ್ಲಿ ಬೆಳೆದ ಶಾರ್ಟ್‌ಸ್ಟಾಪ್ ಅರ್ಜುನ್ ನಿಮ್ಮಲ ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಟೊರೊಂಟೊ ತಂಡ ಅವರನ್ನು 20ನೆಯವರಾಗಿ ಆರಿಸಿದಾಗ ಅವರಿಗೆ 17 ವರ್ಷ. ಮರುವರ್ಷ ಸಿಂಗಲ್-ಎ ತಂಡವಾದ ಡನೀಡನ್‌ನಲ್ಲಿ ತನಗಿಂತ ಎರಡು-ಮೂರು ವರ್ಷ ದೊಡ್ಡವರ ಎದುರು ಆಡುತ್ತಾ ಅವರು ಎಡವಿದರು. ತಂಡ ಅವರನ್ನು ಕೆಲವು ವಾರ ತರಬೇತಿ ಆವರಣಕ್ಕೆ ಕರೆಸಿಕೊಂಡು ಬ್ಯಾಟಿಂಗ್ ತಿದ್ದಿತು. ಮರಳಿ ಬಂದ ಮೇಲೆ ಚೆಂಡುಗಳು ಗೋಡೆ ದಾಟತೊಡಗಿದವು. ಆ ವರ್ಷದ ಅವರ ಬ್ಯಾಟಿಂಗ್ ಸರಾಸರಿಯನ್ನಷ್ಟೇ ನೋಡಿದವರು ಅವರನ್ನು ಸಾಧಾರಣ ಎಂದು ಬದಿಗಿಟ್ಟಿರುತ್ತಿದ್ದರು. 18ನೆಯ ವಯಸ್ಸಿನಲ್ಲಿ, ಶಾರ್ಟ್‌ಸ್ಟಾಪ್ ಆಡುತ್ತಾ, ಒಂದೇ ಋತುವಿನೊಳಗೆ ತಿದ್ದಿಕೊಂಡು ಬಂದ ಶಕ್ತಿಯನ್ನು ನೋಡಿದವರು ಹಾಗೆ ಮಾಡಲಿಲ್ಲ.

ವಯಸ್ಸಿನ ಜೊತೆಗೆ ಊರನ್ನೂ ನೋಡಬೇಕು. ಸಮುದ್ರಮಟ್ಟದಿಂದ 5,000 ಅಡಿಗೂ ಎತ್ತರದ ಆಲ್ಬುಕರ್ಕಿಯಲ್ಲಿ ತೆಳುಗಾಳಿಗೆ ಚೆಂಡು ಹಾರಿ ಹೋಗುತ್ತದೆ. ಸಮುದ್ರಮಟ್ಟದ ಫ್ಲಾರಿಡಾದಲ್ಲಿ ಅದೇ ಹೊಡೆತ ಫೀಲ್ಡರ್ ಕೈಸೇರುತ್ತದೆ. ಡರ್ಹಮ್‌ನಲ್ಲಿ ಎಡಬದಿಗೆ 32 ಅಡಿ ಎತ್ತರದ ನೀಲಿ ಗೋಡೆಯಿದೆ, ಬೇರೆಡೆ ಹೋಮ್‌ರನ್ ಆಗುವ ಚೆಂಡು ಅಲ್ಲಿ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಮೆಟ್ಟಿಲುಗಳ ಪೈಕಿ ಡಬಲ್-ಎ ನಿಜವಾದ ಜರಡಿ ಎಂದು ಬಹುತೇಕರು ಒಪ್ಪುತ್ತಾರೆ, ಏಕೆಂದರೆ ಬರೀ ಶಕ್ತಿಯಿಂದ ಬದುಕಿದ ಬ್ಯಾಟರ್‌ಗಳಿಗೆ ಅವರ ದೌರ್ಬಲ್ಯ ಹುಡುಕಿ ಅಲ್ಲಿಗೇ ಎಸೆಯುವ ಪಿಚರ್‌ಗಳು ಎದುರಾಗುವುದು ಅಲ್ಲಿಂದಲೇ.

ಸ್ಕೌಟ್‌ನ ಕಣ್ಣಿಗೆ ಬೆಲೆ ಎಷ್ಟು ಎಂಬುದಕ್ಕೆ 2021ರ ನವೆಂಬರ್‌ನ ಒಂದು ವಿನಿಮಯವನ್ನು ನೋಡಬೇಕು. ಪ್ರತಿ ತಂಡಕ್ಕೂ 40 ಜನರ ಒಂದು ರಕ್ಷಿತ ಪಟ್ಟಿ ಇರುತ್ತದೆ. ನಿಗದಿತ ವರ್ಷಗಳು ಕಳೆದ ಮೈನರ್ ಲೀಗ್ ಆಟಗಾರನನ್ನು ಆ ಪಟ್ಟಿಗೆ ಸೇರಿಸದಿದ್ದರೆ ಡಿಸೆಂಬರ್‌ನ ‘ರೂಲ್ 5’ ಡ್ರಾಫ್ಟ್‌ನಲ್ಲಿ ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು. ಟೋಬಿಯಸ್ ಮೈಯರ್ಸ್ ಎಂಬ ಪಿಚರ್‌ಗೆ ಟ್ಯಾಂಪಾ ಬೇ ಪಟ್ಟಿಯಲ್ಲಿ ಜಾಗವಿರಲಿಲ್ಲ, ಕ್ಲೀವ್‌ಲ್ಯಾಂಡ್‌ಗೆ ಅವರು ಬೇಕಿದ್ದರು. ಬದಲಿಗೆ ಟ್ಯಾಂಪಾ ಬೇ ಕೇಳಿದ್ದು ಡೊಮಿನಿಕನ್ ಬೇಸಿಗೆ ಲೀಗ್ ಬಿಟ್ಟು ಬೇರೆಲ್ಲೂ ಆಡಿರದ 18 ವರ್ಷದ ಜೂನಿಯರ್ ಕಮಿನೆರೊ ಎಂಬ ಹುಡುಗನನ್ನು. ಆ ಮಟ್ಟದ ಅಂಕಿ-ಅಂಶಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಆದರೂ ಟ್ಯಾಂಪಾ ಬೇ ಆ ಬ್ಯಾಟ್‌ನ ವೇಗಕ್ಕೆ ಬೆಲೆ ಕಟ್ಟಿತು. ಕಮಿನೆರೊ ಡಬಲ್-ಎಯಿಂದ ನೇರವಾಗಿ 2023ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಹಾರಿದರು, 2024ರಲ್ಲಿ ಡರ್ಹಮ್‌ಗೆ ಇಳಿದು ಮತ್ತೆ ಏರಿದರು, 2025ರಲ್ಲಿ 45 ಹೋಮ್‌ರನ್ ಹೊಡೆದರು. ಮೈಯರ್ಸ್ ಕೂಡ ಕೆಲಸಕ್ಕೆ ಬಾರದವರಾಗಿರಲಿಲ್ಲ. ಕ್ಲೀವ್‌ಲ್ಯಾಂಡ್ ಅವರನ್ನು ಕೈಬಿಟ್ಟ ಮೇಲೆ 2024ರಲ್ಲಿ ಮಿಲ್ವಾಕೀ ಪರ ಚೆನ್ನಾಗಿಯೇ ಎಸೆದರು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ನಮ್ಮ ಗಾದೆಯನ್ನು ಈ ಆಟದಷ್ಟು ಹಣ ಸುರಿದು ಪರೀಕ್ಷಿಸಿದವರು ಬೇರೆ ಇರಲಿಕ್ಕಿಲ್ಲ, ಮತ್ತು ಉತ್ತರ ಅರ್ಧಂಬರ್ಧವಾಗಿಯೇ ಬಂದಿದೆ. 1988ರ ಡ್ರಾಫ್ಟ್‌ನ 62ನೆಯ ಸುತ್ತಿನಲ್ಲಿ, 1,390ನೆಯ ಹೆಸರಾಗಿ, ಕುಟುಂಬದ ಸ್ನೇಹಕ್ಕೆ ಕಟ್ಟುಬಿದ್ದು ಲಾಸ್ ಏಂಜಲೀಸ್ ತಂಡ ಆರಿಸಿಕೊಂಡ ಮೈಕ್ ಪಿಯಾಜ್ಜಾ 427 ಹೋಮ್‌ರನ್ ಹೊಡೆದು 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. 1991ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪಿಚರ್ ಬ್ರಿಯನ್ ಟೇಲರ್ ಭುಜಕ್ಕೆ ಪೆಟ್ಟಾಗಿ ಮೇಜರ್ ಲೀಗ್ ಮೆಟ್ಟಿಲನ್ನೇ ಹತ್ತಲಿಲ್ಲ. ತೋಳು ಎಂಬುದು ಯಾವ ಸ್ಕೌಟ್‌ಗೂ ಒಳಗೆ ಕಾಣದ ವಸ್ತು. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್ 2021ರಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ 10ನೆಯವರಾಗಿ ಆಯ್ಕೆಯಾದರು. ವೈದ್ಯಕೀಯ ತಪಾಸಣೆಯ ನಂತರ ತಂಡ ಒಪ್ಪಂದ ಮಾಡಿಕೊಳ್ಳಲಿಲ್ಲ. ಮರುವರ್ಷ ಟೆಕ್ಸಾಸ್ ಅದೇ ರಾಕರ್‌ರನ್ನು 3ನೆಯವರಾಗಿ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಅವರು ಮೇಜರ್ ಲೀಗ್‌ನಲ್ಲಿ ಮೊದಲ ಚೆಂಡು ಎಸೆದರು. ಎರಡೂ ತಂಡಗಳಿಗೆ ತಮ್ಮ ನಿರ್ಧಾರ ಸರಿಯಿತ್ತು ಎನ್ನಲು ಏನಾದರೊಂದು ಸಿಕ್ಕಿತು.

ಒಂದೇ ಒಂದು ಟೂಲ್ ಹಿಡಿದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಭಾರತದಲ್ಲೇ ಇದೆ. 2008ರಲ್ಲಿ ಅತಿ ವೇಗವಾಗಿ ಎಸೆಯಬಲ್ಲವರನ್ನು ಹುಡುಕಲು ಇಲ್ಲಿ ನಡೆದ ಟಿ.ವಿ. ಸ್ಪರ್ಧೆಯಿಂದ ಆರಿಸಿಬಂದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್; ಇಬ್ಬರೂ ಜಾವೆಲಿನ್ ಎಸೆತಗಾರರು, ಬೇಸ್‌ಬಾಲ್ ಎಂದರೇನೆಂದು ಅರಿಯದವರು. ಪಿಟ್ಸ್‌ಬರ್ಗ್ ತಂಡ ಇಬ್ಬರೊಂದಿಗೂ ಒಪ್ಪಂದ ಮಾಡಿಕೊಂಡಿತು, 2009ರಲ್ಲಿ ಅವರು ಅತ್ಯಂತ ಕೆಳಗಿನ ಲೀಗ್‌ನಲ್ಲಿ ಎಸೆದರು. ಪಟೇಲ್ 2010ರಲ್ಲೇ ತಂಡದಿಂದ ಹೊರಬಂದರು. ಸಿಂಗ್ ಇನ್ನೂ ಎರಡು ಮೆಟ್ಟಿಲು ಏರಿ, ಗಾಯಗಳ ನಡುವೆ ಅಲ್ಲಿಗೆ ನಿಂತು, ಮುಂದೆ ಕುಸ್ತಿ ಪ್ರದರ್ಶನದ ಲೋಕಕ್ಕೆ ಹೋದರು. ಬಾಲ್ಯದಿಂದ ಆಡದವರೊಬ್ಬರು ಅಷ್ಟು ದೂರ ಹೋದದ್ದೇ ಅಚ್ಚರಿ. ಆದರೆ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾಗ ಯಾವ ಚೆಂಡು ಎಸೆಯಬೇಕು ಎಂಬ ತಿಳಿವು ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಮೈಗೂಡುವಂಥದ್ದು, ಅದನ್ನು ತೋಳಿಗೆ ಸೇರಿಸಿ ಕೊಡಲು ಬರುವುದಿಲ್ಲ.

ಈಗ ಟ್ರಿಪಲ್-ಎ ಮೈದಾನಗಳಲ್ಲೆಲ್ಲ ಕ್ಯಾಮೆರಾಗಳು ಪ್ರತಿ ಎಸೆತದ ವೇಗ, ಸುತ್ತು, ತಿರುವು, ಬ್ಯಾಟಿನಿಂದ ಚೆಂಡು ಹೊರಟ ವೇಗ ಎಲ್ಲವನ್ನೂ ದಾಖಲಿಸುತ್ತವೆ. 2023ರಿಂದ ಇದನ್ನು ಮನೆಯಲ್ಲಿ ಕೂತು ಯಾರಾದರೂ ನೋಡಬಹುದು. ಔಟಾದ ಹೊಡೆತವೂ ಗಂಟೆಗೆ 110 ಮೈಲಿಯಲ್ಲಿ ಹೊರಟಿತ್ತೆಂದು ತಿಳಿದರೆ ಅದಕ್ಕೊಂದು ಬೆಲೆ ಬರುತ್ತದೆ. ರೇಡಾರ್ ಗನ್ ಎತ್ತಿ ಹಿಡಿದು ಕೂರುವ ಕೆಲಸ ಇದರಿಂದ ತಗ್ಗಿದೆ. ಆದರೆ ಸ್ಟ್ರೈಕೌಟ್ ಆಗಿ ಮರಳುವ ಬ್ಯಾಟರ್ ಡಗ್‌ಔಟ್‌ನಲ್ಲಿ ಮುಂದಿನವನ ಕಿವಿಗೆ ಪಿಚರ್ ಬಗ್ಗೆ ಏನಾದರೂ ಹೇಳುತ್ತಾನೋ ಅಥವಾ ಹೆಲ್ಮೆಟ್ ಎಸೆದು ಮೂಲೆಗೆ ಹೋಗಿ ಕೂರುತ್ತಾನೋ ಎಂಬುದನ್ನು ಆ ಕ್ಯಾಮೆರಾಗಳು ಬರೆದುಕೊಳ್ಳುವುದಿಲ್ಲ. ಅಭ್ಯಾಸದ ಹೊತ್ತಿಗೇ ಬಂದು ಕೂರುವ ಸ್ಕೌಟ್ ಬರೆದುಕೊಳ್ಳುತ್ತಾನೆ.

ನೀವು ಅಂಥ ಮೈದಾನಕ್ಕೆ ಹೋದರೆ ಒಬ್ಬನೇ ಆಟಗಾರನನ್ನು ಆರಿಸಿಕೊಂಡು, ಚೆಂಡು ಎಲ್ಲೇ ಹೋಗಲಿ, ಮೂರು ಇನ್ನಿಂಗ್ಸ್ ಅವನನ್ನಷ್ಟೇ ನೋಡುವುದು ಒಳ್ಳೆಯದು. ಮೊದಲ ಇನ್ನಿಂಗ್ಸ್ ಬೇಸರ ತರುತ್ತದೆ, ಮೂರನೆಯದರಲ್ಲಿ ಅವನ ಕಾಲುಗಳು ಎಸೆತಕ್ಕೆ ಮುಂಚೆಯೇ ಯಾವ ಕಡೆ ವಾಲುತ್ತಿವೆ ಎಂಬುದು ಕಾಣತೊಡಗುತ್ತದೆ. ಆರನೆಯ ಇನ್ನಿಂಗ್ಸ್ ಹೊತ್ತಿಗೆ ಆ ದಿನದ ಆರಂಭಿಕ ಪಿಚರ್ ತನ್ನ ಪಾಲಿನ ಎಸೆತ ಮುಗಿಸಿ ಒಳಗೆ ಹೋಗುತ್ತಾನೆ. ಹೋಮ್ ಪ್ಲೇಟ್ ಹಿಂದಿನ ಸಾಲಿನವರು ಸ್ಟಾಪ್‌ವಾಚ್ ಜೇಬಿಗೆ ಹಾಕಿ, ಪುಸ್ತಕ ಮುಚ್ಚಿ, ಒಬ್ಬೊಬ್ಬರಾಗಿ ಎದ್ದು ಕಾರಿನ ಕಡೆ ನಡೆಯುತ್ತಾರೆ. ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಪಿಚರ್ ಎಸೆಯುವವನಿದ್ದಾನೆ. ಪಂದ್ಯ ಆಗ ಸಮಬಲದಲ್ಲಿದ್ದರೂ ಅವರಲ್ಲಿ ಯಾರೂ ತಿರುಗಿ ನೋಡುವುದಿಲ್ಲ.